ಲೈಪ್‌ಜಿಗ್‌ನ ಇಗರ್ಜಿ, ಕುಂಬಳೆಯ ಬಯಲು

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ 1685 ಒಂದು ವಿಶೇಷ ವರ್ಷ. ಜರ್ಮನಿಯ ಐಸೆನಾಖ್‌ನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್, ಹಾಲೆ ಎಂಬ ಊರಿನಲ್ಲಿ ಹ್ಯಾಂಡೆಲ್, ಇಟಲಿಯ ನೇಪಲ್ಸ್‌ನಲ್ಲಿ ಡೊಮೆನಿಕೊ ಸ್ಕಾರ್ಲಾಟಿ, ಈ ಮೂವರೂ ಹುಟ್ಟಿದ್ದು ಅದೇ ವರ್ಷ. ಅಲ್ಲಿಂದ ಬಾಖ್ ತೀರಿಕೊಂಡ 1750ರವರೆಗಿನ ಕಾಲವನ್ನು ಬರೋಕ್ ಯುಗದ ಕೊನೆಯ ಘಟ್ಟವೆಂದು ಅಲ್ಲಿನ ವಿದ್ವಾಂಸರು ಗುರುತಿಸುತ್ತಾರೆ. ಆ ಅರುವತ್ತೈದು ವರ್ಷಗಳಲ್ಲಿ ಯುರೋಪಿನ ಯಾವ ಊರಲ್ಲಿ ಯಾರು ಏನು ಹಾಡಿದರು, ಎಷ್ಟು ಸಂಬಳ ಪಡೆದರು ಎಂಬುದು ಇಂದಿಗೂ ಪುಸ್ತಕಗಳಲ್ಲಿ ಸಿಗುತ್ತದೆ.

ಅದೇ ಕಾಲದಲ್ಲಿ ನಮ್ಮ ಕುಂಬಳೆ ಸೀಮೆಯಲ್ಲಿ ಏನು ಹಾಡುತ್ತಿದ್ದರು? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಲೈಪ್‌ಜಿಗ್ ನಗರದ ಇಗರ್ಜಿಯನ್ನೂ ಕುಂಬಳೆಯ ಬಯಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಸೊತ್ತು ಯಾವುದು, ಅದು ಉಳಿದದ್ದು ಹೇಗೆ, ಇನ್ನು ಮುಂದೆ ಅಳಿಯುವುದಾದರೆ ಹೇಗೆ ಎಂಬುದು ಸ್ಪಷ್ಟವಾಗುತ್ತದೆ. ಈ ಬರೆಹದ ಉದ್ದೇಶ ಅಷ್ಟೇ.

ಇಕ್ಕೇರಿಯವರ ಕಾಲ

ಆಗ ಈ ಕರಾವಳಿ ಇಕ್ಕೇರಿ ನಾಯಕರ ಆಳಿಕೆಯಲ್ಲಿತ್ತು. ಬೇಕಲದ ಕೋಟೆ ಅವರದೇ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವ ತನಕ ಅವರ ಅಧಿಕಾರ ನಡೆಯಿತು. ಆ ವಂಶದ ಬಸವಪ್ಪ ನಾಯಕನು 1709ರಲ್ಲಿ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. 9 ಕಲ್ಲೋಲ, 108 ತರಂಗಗಳ ಆ ಮಹಾಗ್ರಂಥದಲ್ಲಿ ರಾಜನೀತಿ, ಪಾಕಶಾಸ್ತ್ರಗಳ ಜತೆಗೆ ಸಂಗೀತ ನಾಟ್ಯಗಳಿಗೂ ಸ್ಥಾನವಿದೆ. ಬಾಖ್ ಎಂಬ ಇಪ್ಪತ್ತನಾಲ್ಕರ ತರುಣ ಜರ್ಮನಿಯಲ್ಲಿ ಆರ್ಗನ್ ನುಡಿಸುತ್ತಿದ್ದ ವರ್ಷದಲ್ಲಿ ನಮ್ಮನ್ನಾಳುವ ಅರಸನೇ ಸಂಗೀತದ ಲಕ್ಷಣವನ್ನು ಬರೆಸುತ್ತಿದ್ದನೆಂಬುದು ಸಣ್ಣ ಮಾತಲ್ಲ.

ಘಟ್ಟದ ಮೇಲೆ ಆಗ ಹರಿದಾಸರ ಎರಡನೆಯ ಪೀಳಿಗೆ. ರಾಯಚೂರು ಸೀಮೆಯ ವಿಜಯದಾಸರು ದೇವರನಾಮಗಳನ್ನೂ ಸುಳಾದಿಗಳನ್ನೂ ರಚಿಸುತ್ತ ಊರೂರು ತಿರುಗಿ 1755ರಲ್ಲಿ ಕಾಲವಾದರು. ದಕ್ಷಿಣದ ತಂಜಾವೂರಿನಲ್ಲಿ ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ 72 ಮೇಳಗಳ ಲೆಕ್ಕವನ್ನು ಅದಕ್ಕೂ ಮೊದಲೇ ಹಾಕಿಟ್ಟಿದ್ದರು. ಮರಾಠಾ ಅರಸರಾದ ಶಹಾಜಿ, ತುಳಜಾಜಿಯರು ಅಲ್ಲಿ ರಾಗಗಳ ಲಕ್ಷಣ ಬರೆಸಿದರು.

ಇನ್ನು ನಮ್ಮ ಊರಿಗೆ ಬರೋಣ. ಅಡೂರು, ಮಧೂರು, ಕಾವು, ಕಣ್ಯಾರ ಎಂದು ನಮ್ಮ ಹಿರಿಯರು ಎಣಿಸುವ ಸೀಮೆಯ ನಾಲ್ಕು ದೇವಸ್ಥಾನಗಳಲ್ಲಿ ಕಣ್ಯಾರವೆಂದರೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣ. ಪ್ರತಿ ಜನವರಿಯಲ್ಲಿ 'ಕುಂಬಳೆ ಬೆಡಿ'ಗೆ ಜನ ಸೇರುವ ದೇವಸ್ಥಾನವೇ ಇದು. ಆ ಕಣ್ವಪುರದ ಕೃಷ್ಣನನ್ನು ನೆನೆದು ಪದಕಟ್ಟಿದವನು ಪಾರ್ತಿಸುಬ್ಬ. ಪಂಚವಟಿ, ವಾಲಿ ಸುಗ್ರೀವರ ಕಾಳಗ, ಅಂಗದ ಸಂಧಾನ, ಕುಂಭಕರ್ಣ ಕಾಳಗ ಮೊದಲಾದ ರಾಮಾಯಣ ಪ್ರಸಂಗಗಳು ಅವನ ಹೆಸರಿನಲ್ಲಿವೆ. ಆಟದ ಪೂರ್ವರಂಗಕ್ಕೆ ಆಧಾರವಾದ ಸಭಾಲಕ್ಷಣವೂ ಅವನದೆಂಬ ಪ್ರತೀತಿಯಿದೆ.

ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹದಿನೇಳನೆಯ ಶತಮಾನವೆಂದು ಕೆಲವರು, ಹದಿನೆಂಟನೆಯದೆಂದು ಕೆಲವರು ವಾದಿಸಿದ್ದಾರೆ. ಮುಳಿಯ ತಿಮ್ಮಪ್ಪಯ್ಯನವರು 'ಪಾರ್ತಿಸುಬ್ಬ' ಎಂಬ ಗ್ರಂಥವನ್ನೇ ಬರೆದರು. ಶಿವರಾಮ ಕಾರಂತರು ಈ ಕೃತಿಗಳ ಕರ್ತೃತ್ವವನ್ನೇ ಪ್ರಶ್ನಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ಸಂಪಾದಿಸಿದ 'ಪಾರ್ತಿಸುಬ್ಬನ ಯಕ್ಷಗಾನಗಳು' 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂತು. ಆ ಚರ್ಚೆ ಪಂಡಿತರಿಗಿರಲಿ. ಬಾಖ್‌ನ ಕಾಲದಲ್ಲೋ ಅದರ ಆಚೀಚೆಗೋ ಕುಂಬಳೆಯಲ್ಲಿ ರಾಮಾಯಣ ಹಾಡಾಗಿ ಬಯಲಿಗಿಳಿದಿತ್ತೆಂಬಷ್ಟು ನಮಗೆ ಸಾಕು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಚಂದ್ರಗಿರಿ ಹೊಳೆಯ ತೆಂಕಣ ನಾಡಿನಲ್ಲಿ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟವು ರಾಮಾಯಣವನ್ನು ಎಂಟು ಭಾಗ ಮಾಡಿ ಪುತ್ರಕಾಮೇಷ್ಟಿಯಿಂದ ಆರಂಭಿಸುತ್ತದೆ. ಅದರಿಂದಲೇ ಕಥಕಳಿ ಬೆಳೆಯಿತು. ಪಾರ್ತಿಸುಬ್ಬನ ರಾಮಾಯಣಕ್ಕೂ ಅದಕ್ಕೂ ಇರುವ ಸಾಮ್ಯವನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ನಮ್ಮ ತೆಂಕುತಿಟ್ಟಿನ ಚೆಂಡೆ ಕೇರಳದ ಚೆಂಡೆಯೇ. ಸಂಜೆ ಆಟದ ಸುದ್ದಿ ಸಾರಲು ನಾವು ಕೇಳಿ ಬಡಿಯುತ್ತೇವೆ, ಅವರದು ಕೇಳಿಕೊಟ್ಟು. ಎರಡು ಭಾಷೆಗಳು ಬೇಲಿಯಿಲ್ಲದೆ ಬಾಳಿದ ನಾಡಿದು. ಕೊಡುಕೊಳೆಯಿಂದ ಯಾರೂ ಬಡವರಾಗಲಿಲ್ಲ.

ರೋಮಿನಿಂದ ಬಂದ ಒಬ್ಬ ಕೇಳುಗ

ಬರೋಕ್ ಸಂಗೀತವನ್ನು ಬಲ್ಲ ಒಬ್ಬನು ಈ ಕಡೆಗೆ ಬಂದದ್ದೂ ಉಂಟು. ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಶ್ರೀಮಂತ 1623ರಲ್ಲಿ, ಅಂದರೆ ಬಾಖ್ ಹುಟ್ಟುವುದಕ್ಕೆ ಅರುವತ್ತೆರಡು ವರ್ಷ ಮೊದಲು, ಇಕ್ಕೇರಿಗೆ ಬಂದು, ಅಲ್ಲಿಂದ ಮಂಗಳೂರಿಗಿಳಿದು ಉಳ್ಳಾಲದ ರಾಣಿಯನ್ನು ಕಂಡನು. ಅವನು ಬರಿಯ ಪ್ರವಾಸಿಯಲ್ಲ. ಸ್ವತಃ ಸಂಗೀತ ರಚಿಸಿದವನು, ತನ್ನ ಕಾಲದ ಸಂಗೀತದ ಬಗ್ಗೆ ಪ್ರಬಂಧ ಬರೆದವನು. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಹಾಡುತ್ತ ಕುಣಿದದ್ದನ್ನು ಅವನು ತನ್ನ ಪತ್ರಗಳಲ್ಲಿ ವರ್ಣಿಸಿದ್ದಾನೆ.

ಅವನ ವರ್ಣನೆಯಿಂದ ಕೋಲಾಟದ ನೋಟ ಉಳಿಯಿತು. ಆ ಹುಡುಗಿಯರ ಹಾಡಿನ ಧಾಟಿ ಮಾತ್ರ ನಮಗೆ ಸಿಗಲಿಲ್ಲ. ಕಣ್ಣು ಕಂಡದ್ದನ್ನು ಬರೆದಿಡಬಹುದು; ಕಿವಿ ಕೇಳಿದ್ದನ್ನು ಬರೆದಿಡುವುದು ಬೇರೆಯೇ ವಿದ್ಯೆ.

ದುಡಿಮೆಯ ಸಂಗೀತ

ಬಾಖ್ ಎಂದೊಡನೆ ಇಂದು ನಮಗೆ ನೆನಪಾಗುವುದು ದೊಡ್ಡ ಸಭಾಂಗಣ, ಟಿಕೇಟು, ಕೈ ಕಟ್ಟಿ ಕುಳಿತ ಶ್ರೋತೃಗಳು. ಅವನ ಜೀವನ ಹಾಗಿರಲಿಲ್ಲ. 1723ರಿಂದ ಸಾಯುವವರೆಗೆ ಅವನು ಲೈಪ್‌ಜಿಗ್‌ನ ಸಂತ ತೋಮಸರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ನಗರದ ಇಗರ್ಜಿಗಳ ಸಂಗೀತಕ್ಕೆ ಹೊಣೆಗಾರ. ಆದಿತ್ಯವಾರದ ಪೂಜೆ ಬೆಳಿಗ್ಗೆ ಏಳಕ್ಕೆ ಆರಂಭವಾದರೆ ಮುಗಿಯಲು ಸುಮಾರು ನಾಲ್ಕು ಗಂಟೆ ಬೇಕು. ಅದಕ್ಕೆ ಆ ವಾರದ ಪಾಠಕ್ಕೆ ಹೊಂದುವ ಹೊಸ ಹಾಡು ಬೇಕು. ಮೊದಲ ಕೆಲವು ವರ್ಷ ಅವನು ಬಹುಮಟ್ಟಿಗೆ ವಾರಕ್ಕೊಂದರಂತೆ ರಚಿಸಿದನು. ಹೆಂಡತಿ, ಮಕ್ಕಳು, ಶಿಷ್ಯರು ಕೂತು ನಕಲು ತೆಗೆಯುತ್ತಿದ್ದರು.

ನಮ್ಮ ಮೇಳದವರಿಗೆ ಇದರಲ್ಲಿ ಅಪರಿಚಿತವಾದದ್ದು ಏನೂ ಇಲ್ಲ. ದೀಪಾವಳಿಯ ಹೊತ್ತಿಗೆ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಮಳೆಗಾಲದಲ್ಲಿ ಆಟವಿಲ್ಲ, ಚಾವಡಿಯಲ್ಲಿ ತಾಳಮದ್ದಳೆ. ಲೈಪ್‌ಜಿಗ್‌ನಲ್ಲೂ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಕ್ರಿಸ್ಮಸಿಗೆ ಮುಂಚಿನ ವಾರಗಳಲ್ಲಿ ಇಗರ್ಜಿಯ ವಾದ್ಯಮೇಳ ಮೌನ. ಎರಡೂ ಕಡೆ ಸಂಗೀತಕ್ಕೆ ಪಂಚಾಂಗವೇ ಯಜಮಾನ.

ಹೊಟ್ಟೆಪಾಡಿನ ಲೆಕ್ಕವೂ ಹಾಗೆಯೇ. ಹರಕೆಯ ಆಟ ಹೆಚ್ಚಿದರೆ ಮೇಳಕ್ಕೆ ಸುಗ್ಗಿ. ಬಾಖ್‌ನಿಗೆ ಶವಸಂಸ್ಕಾರದ ಹಾಡಿನಿಂದ ಬರುವ ಹಣ ಸಂಬಳದ ಒಂದು ಪಾಲು. 1730ರಲ್ಲಿ ಸ್ನೇಹಿತನಿಗೆ ಬರೆದ ಕಾಗದದಲ್ಲಿ, ಊರಿನ ಹವೆ ಚೆನ್ನಾಗಿದ್ದುದರಿಂದ ಸಾವು ಕಡಿಮೆಯಾಗಿ ಹಿಂದಿನ ವರ್ಷ ನೂರು ಥಾಲರಿಗೂ ಮಿಕ್ಕಿ ನಷ್ಟವಾಯಿತೆಂದು ಅವನು ಗೊಣಗಿದ್ದಾನೆ. ಅದೇ ವರ್ಷ ನಗರಸಭೆಗೆ ಕೊಟ್ಟ ಮನವಿಯಲ್ಲಿ ತನ್ನ ಶಾಲೆಯ 54 ಹುಡುಗರಲ್ಲಿ 17 ಮಂದಿ ಪ್ರಯೋಜನಕ್ಕೆ ಬರುವವರು, 20 ಮಂದಿ ಇನ್ನೂ ಕಲಿಯಬೇಕಾದವರು, 17 ಮಂದಿ ಯಾವುದಕ್ಕೂ ಆಗದವರು ಎಂದು ಪಟ್ಟಿ ಕೊಟ್ಟನು. ಹಿಮ್ಮೇಳಕ್ಕೆ ಜನ ಹೊಂದಿಸಲು ಒದ್ದಾಡಿದ ಯಾವ ಮೇಳದ ಯಜಮಾನನಿಗೂ ಈ ಮನವಿ ಅರ್ಥವಾದೀತು.

ವಿದ್ಯೆ ಮನೆತನದಲ್ಲಿ ಹರಿದು ಬಂದದ್ದೂ ಎರಡೂ ಕಡೆಯ ಸಾಮ್ಯವೇ. ಬಾಖ್ ಮನೆತನದಲ್ಲಿ ಕೆಲವು ತಲೆಮಾರುಗಳಲ್ಲಿ ಐವತ್ತಕ್ಕೂ ಹೆಚ್ಚು ಸಂಗೀತಗಾರರಿದ್ದರು. ನಮ್ಮಲ್ಲಿ ಬಲಿಪ ಮನೆತನವನ್ನು ನೋಡಿ. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಅದೇ ಹೆಸರಿನ ತಮ್ಮ ಅಜ್ಜನಿಂದ ಭಾಗವತಿಕೆಯನ್ನು ಪಡೆದರು. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿದರು, ಪ್ರಸಂಗಗಳನ್ನೂ ರಚಿಸಿದರು. 'ಬಲಿಪ ಶೈಲಿ' ಎಂಬ ಮಾತೇ ರೂಢಿಗೆ ಬಂತು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಹಳೆಯ ಮಟ್ಟುಗಳ ಒಂದು ಭಂಡಾರದ ಬಾಗಿಲು ಮುಚ್ಚಿತೆಂದು ತಿಳಿದವರು ಮರುಗಿದರು.

ಹೆಂಗಸರ ಕಂಠದ ವಿಷಯದಲ್ಲೂ ಒಂದು ಮಾತು. ಬಾಖ್‌ನ ಇಗರ್ಜಿಯ ಮೇಳದಲ್ಲಿ ಹೆಣ್ಣಿನ ಕಂಠಕ್ಕೆ ಎಡೆಯಿರಲಿಲ್ಲ. ಹುಡುಗರೇ ಎತ್ತರದ ಸ್ವರವನ್ನು ಹಾಡುತ್ತಿದ್ದರು. ವೆನಿಸ್ ನಗರದ ಅನಾಥಾಲಯದಲ್ಲಿ ವಿವಾಲ್ಡಿ ಕಲಿಸಿದ ಹುಡುಗಿಯರು ಜಾಲಂಧ್ರದ ಮರೆಯಲ್ಲಿ ಹಾಡಿ ಯುರೋಪಿನಲ್ಲೆಲ್ಲ ಹೆಸರಾದರು. ನಮ್ಮ ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಮರೆಯಿಲ್ಲದೆ, ರಂಗಸ್ಥಳದಲ್ಲೇ ಕೂತು ವೃತ್ತಿಮೇಳಗಳಲ್ಲಿ ಭಾಗವತಿಕೆ ನಡೆಸಿ ಆ ದಾರಿಯ ಮೊದಲಿಗರೆನಿಸಿದರು. 2024ರ ಡಿಸೆಂಬರಿನಲ್ಲಿ ಅವರೂ ಅಗಲಿದರು.

ಕಾಗದ ಮತ್ತು ಕಂಠ

ಇಷ್ಟೆಲ್ಲ ಸಾಮ್ಯವಿದ್ದೂ ಒಂದು ದೊಡ್ಡ ಭೇದವಿದೆ. ನಮ್ಮ ಮಾತಿನ ತಿರುಳು ಅದರಲ್ಲಿದೆ.

ಬಾಖ್‌ನ ಸಂಗೀತ ಕಾಗದದ ಮೇಲಿತ್ತು. ಅವನು ಸತ್ತ ಮೇಲೆ ಅವನ ಹಸ್ತಪ್ರತಿಗಳನ್ನು ಮಕ್ಕಳು, ಹೆಂಡತಿ ಪಾಲು ಮಾಡಿಕೊಂಡರು. ಕೆಲವು ಮಾರಿಹೋದುವು, ಬಹಳಷ್ಟು ಕಳೆದುಹೋದುವು. ಕಾಲದ ರುಚಿ ಬದಲಾಗಿತ್ತು. ಅವನ ದೊಡ್ಡ ಕೃತಿಗಳನ್ನು ಹಾಡುವವರೇ ಇಲ್ಲವಾದರು. ಆದರೆ ಮೆಂಡೆಲ್ಸನ್ ಎಂಬ ಹುಡುಗನಿಗೆ ಅವನ ಅಜ್ಜಿ 'ಸಂತ ಮತ್ತಾಯನ ಪ್ರಕಾರ ಯೇಸುವಿನ ಯಾತನೆ' ಎಂಬ ಬಾಖ್‌ನ ಕೃತಿಯ ಒಂದು ನಕಲನ್ನು ಉಡುಗೊರೆ ಕೊಟ್ಟಳು. 1829ರ ಮಾರ್ಚ್ 11ರಂದು, ಇಪ್ಪತ್ತರ ಪ್ರಾಯದ ಆ ಹುಡುಗನು ಬರ್ಲಿನ್‌ನಲ್ಲಿ ಅದನ್ನು ಹಾಡಿಸಿದನು. ಬಾಖ್ ತೀರಿಕೊಂಡು ಎಪ್ಪತ್ತೊಂಬತ್ತು ವರ್ಷ ಆಗಿತ್ತು. ಜಗತ್ತು ಅವನನ್ನು ಮತ್ತೆ ಕಂಡಿತು. ವಿವಾಲ್ಡಿಯಂತೂ ಇನ್ನೂ ಹೆಚ್ಚು ಕಾಲ ಮಲಗಿದ್ದ. 1926ರಲ್ಲಿ ಇಟಲಿಯ ಪೀಡ್ಮಾಂಟ್ ಸೀಮೆಯಲ್ಲಿ ಪಾದ್ರಿಗಳ ಒಂದು ವಿದ್ಯಾಸಂಸ್ಥೆಯಲ್ಲಿ ಅವನ ಹಸ್ತಪ್ರತಿಗಳ ರಾಶಿ ಸಿಕ್ಕಿದ ಮೇಲೆಯೇ ಅವನ ಪುನರ್ಜನ್ಮ.

ಪಾರ್ತಿಸುಬ್ಬನದೂ ಕಾಗದಕ್ಕೆ, ಅದಕ್ಕೂ ಮೊದಲು ತಾಳೆಗರಿಗೆ ಬಂದಿದೆ. ಉಡುಪಿಯ ಪಾವಂಜೆ ಗುರುರಾಯರಂಥ ಪ್ರಕಾಶಕರು ಪ್ರಸಂಗ ಪುಸ್ತಕಗಳನ್ನು ಅಚ್ಚು ಹಾಕಿ ಮನೆಮನೆಗೆ ತಲುಪಿಸಿದರು. ಆದರೆ ಆ ಪುಸ್ತಕ ತೆರೆದರೆ ಕಾಣುವುದೇನು? ಪದದ ಮೇಲೆ 'ಸೌರಾಷ್ಟ್ರ ತ್ರಿವುಡೆ', 'ಕೇದಾರಗೌಳ ಅಷ್ಟ', 'ಭೈರವಿ ಝಂಪೆ' ಎಂಬ ಎರಡೇ ಶಬ್ದ. ಕೆಳಗೆ ಸಾಹಿತ್ಯ. ಸ್ವರವಿಲ್ಲ. ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಮೇಲಕ್ಕೇರಬೇಕು, ಚೆಂಡೆಗೆ ಎಲ್ಲಿ ಬಿಟ್ಟುಕೊಡಬೇಕು, ಇದೇ ತಾಳ ಇದೇ ರಾಗದಲ್ಲಿ ಶೋಕಕ್ಕೊಂದು ಮಟ್ಟು, ವೀರಕ್ಕೊಂದು ಮಟ್ಟು ಹೇಗೆ ಎಂಬುದು ಯಾವುದೂ ಅಲ್ಲಿಲ್ಲ. ಅದೆಲ್ಲ ಇರುವುದು ಭಾಗವತನ ಕಂಠದಲ್ಲಿ. ಅವನು ಅದನ್ನು ತನ್ನ ಗುರುವಿನ ಬೆನ್ನ ಹಿಂದೆ ಕೂತು, ರಾತ್ರಿ ನಿದ್ದೆಗೆಟ್ಟು, ಕಿವಿಯಿಂದ ಕಲಿತದ್ದು.

ಕಾಗದ ಎಪ್ಪತ್ತೊಂಬತ್ತು ವರ್ಷ ಮಲಗಿ ಎದ್ದೀತು. ಕಂಠಕ್ಕೆ ಆ ಸೌಕರ್ಯವಿಲ್ಲ. ಒಂದು ತಲೆಮಾರು ಕೈಬಿಟ್ಟರೆ ಮತ್ತೆ ಸಿಗದು.

ಕಾಗದವೊಂದೇ ಸಾಲದೆಂಬ ಪಾಠವನ್ನೂ ಯುರೋಪಿನಿಂದಲೇ ಕಲಿಯಬೇಕು. ಬರೋಕ್ ಕಾಲದಲ್ಲಿ ಕೆಳಸ್ವರದ ಸಾಲಿನ ಬಳಿ ಕೆಲವು ಅಂಕೆಗಳನ್ನಷ್ಟೇ ಬರೆಯುತ್ತಿದ್ದರು. ಉಳಿದದ್ದನ್ನು ವಾದಕನು ಆಗಿಂದಾಗ ತುಂಬಿಕೊಳ್ಳಬೇಕು. ನಮ್ಮ 'ಕೇದಾರಗೌಳ ಅಷ್ಟ' ಎಂಬ ಸೂಚನೆಯ ಹಾಗೆಯೇ ಅದು, ಬಲ್ಲವನಿಗೆ ಸಾಕು. ಹದಿನೆಂಟನೆಯ ಶತಮಾನ ಮುಗಿಯುವಾಗ ಆ ರೂಢಿ ಅಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಬಾಖ್‌ನನ್ನು ಅವನ ಕಾಲದ ರೀತಿಯಲ್ಲಿ ನುಡಿಸಬೇಕೆಂದು ಹೊರಟವರು ಅವನ ಮಗ ಎಮಾನ್ಯುಯೆಲ್ ಬಾಖ್ ಬರೆದಿಟ್ಟ ಶಿಕ್ಷಣ ಗ್ರಂಥವನ್ನು ಹುಡುಕಿ ತೆಗೆದು ಅಕ್ಷರಾಭ್ಯಾಸದಿಂದ ತೊಡಗಬೇಕಾಯಿತು. ಕಾಗದ ಉಳಿದಲ್ಲಿ ವಾಡಿಕೆ ಸತ್ತಿತ್ತು. ನಮ್ಮಲ್ಲಿ ವಾಡಿಕೆ ಇನ್ನೂ ಉಸಿರಾಡುತ್ತಿದೆ. ಅದು ನಮ್ಮ ಭಾಗ್ಯ. ಹಾಗೆಂದು ಕೈಕಟ್ಟಿ ಕೂರುವ ಹಾಗಿಲ್ಲ.

ಮಟ್ಟು ಹೋದರೆ ಏನು ಹೋಯಿತು?

ಹೊಸತು ಬರಬಾರದೆಂದು ನಾವು ಹೇಳುವವರಲ್ಲ. ಹಿಂದೆ ಶ್ರುತಿಗೆ ಪುಂಗಿಯಿತ್ತು, ಆಮೇಲೆ ಹಾರ್ಮೋನಿಯಂ ಬಂತು. ದೊಂದಿ ಹೋಗಿ ಗ್ಯಾಸ್‌ಲೈಟು, ಅದು ಹೋಗಿ ವಿದ್ಯುದ್ದೀಪ ಬಂತು. ಕರ್ನಾಟಕ ಸಂಗೀತ ಕಲಿತ ಭಾಗವತರು ಹಿಂದೋಳ, ಚಾರುಕೇಶಿ, ರೇವತಿಗಳನ್ನು ಆಟಕ್ಕೆ ತಂದಾಗ ಜನ ಮೆಚ್ಚಿದರು. ಒಳ್ಳೆಯ ಕಂಠಕ್ಕೆ ಯಾವ ರಾಗವೂ ಒಗ್ಗುತ್ತದೆ. ಆದರೆ ಇದ್ದ ಮಟ್ಟನ್ನು ಕಲಿತು ಹೊಸತನ್ನು ತರುವುದು ಬೇರೆ, ಇದ್ದದ್ದೇ ತಿಳಿಯದೆ ಹೊಸತನ್ನು ತುಂಬುವುದು ಬೇರೆ. ಪಂಚವಟಿಯ ಪದಕ್ಕೂ ಸಿನಿಮಾ ಧಾಟಿಗೂ ವ್ಯತ್ಯಾಸ ಉಳಿಯದಿದ್ದರೆ ಪಾರ್ತಿಸುಬ್ಬನ ಪುಸ್ತಕ ಮಾತ್ರ ಉಳಿದೀತು, ಪಾರ್ತಿಸುಬ್ಬನ ಹಾಡು ಉಳಿಯದು.

ಇನ್ನೊಂದು ಅಪಾಯ ಈ ಜಿಲ್ಲೆಯ ಕನ್ನಡಿಗರಿಗೇ ಸೇರಿದ್ದು. 1956ರ ನವಂಬರ್ 1ರಂದು ನಾವು ಕೇರಳದ ಪಾಲಾದೆವು. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅಂದಿನಿಂದ ಕನ್ನಡ ಶಾಲೆ, ಕನ್ನಡ ಅರ್ಜಿ, ಕನ್ನಡ ಬಲ್ಲ ಅಧಿಕಾರಿ ಎಂದು ನಾವು ಹೋರಾಡುತ್ತ ಬಂದಿದ್ದೇವೆ. ಅದು ಹೊಟ್ಟೆಪಾಡಿನ ಮಾತು, ನ್ಯಾಯದ ಮಾತು. ಆದರೆ ಈ ಹೋರಾಟದಲ್ಲಿ ಹಾಡಿನ ಪಾಲೂ ಇದೆ ಎಂಬುದನ್ನು ಮರೆಯುತ್ತೇವೆ. ಬಾಖ್‌ನ ಆರ್ಗನ್ ಕೃತಿಯನ್ನು ಜರ್ಮನ್ ತಿಳಿಯದ ಜಪಾನಿನವನೂ ನುಡಿಸಬಹುದು. ಯಕ್ಷಗಾನದ ಪದ ಹಾಗಲ್ಲ. ಅದರ ತಾಳ ಮಾತಿನ ಗುರುಲಘುಗಳ ಮೇಲೆ ನಿಂತಿದೆ. ಎಲ್ಲಿ ಉಸಿರು ತೆಗೆಯಬೇಕೆಂಬುದು ಪದದ ಅರ್ಥ ತಿಳಿದವನಿಗೆ ಗೊತ್ತು. ಪದ ಮುಗಿದೊಡನೆ ವೇಷಧಾರಿ ಅದಕ್ಕೆ ಅರ್ಥ ಹೇಳುವುದು ಆಶುವಾಗಿ, ಕನ್ನಡದಲ್ಲಿ. ಕನ್ನಡ ಬಾರದ ಮಗುವಿಗೆ ವೇಷದ ಚಂದ ಕಂಡೀತು, ಚೆಂಡೆಯ ಪೆಟ್ಟು ಕೇಳೀತು. ಭಾಗವತನಾಗುವುದು ಕಷ್ಟ.

ಇದು ಮಲಯಾಳದ ಮೇಲಿನ ದೂರಲ್ಲ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧಾವಿಷಯವಾಗಿದೆ. ಅದು ನಮಗೆ ಸಂತೋಷದ ಸಂಗತಿ. ನಮ್ಮ ಕಲೆಯನ್ನು ನೆರೆಯವರು ಗೌರವಿಸುವಾಗ ಅದರ ಬೇರಿಗೆ ನೀರೆರೆಯುವ ಹೊಣೆ ಮನೆಯವರದು. ಹಾಡಿನ ಬೇರು ಮಾತಿನಲ್ಲಿದೆ, ಮಾತಿನ ಬೇರು ಮನೆಯಲ್ಲಿ ಮತ್ತು ಶಾಲೆಯಲ್ಲಿದೆ.

ಮಾಡಬಹುದಾದದ್ದು

ಸರಕಾರ ಮಾಡಲಿ, ಅಕಾಡೆಮಿ ಮಾಡಲಿ ಎಂದು ಕಾಯುವುದು ನಮ್ಮ ಹಳೆಯ ಚಾಳಿ. ಅವರೂ ಮಾಡಲಿ. ಆದರೆ ಮನೆಯಲ್ಲೇ ಆಗುವ ಕೆಲಸಗಳು ಕೆಲವಿವೆ.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋದಲ್ಲಿ ತಾಳಮದ್ದಳೆ ಬಂದರೆ ಅಂಗಡಿ ಜಗಲಿಯಲ್ಲಿ ಜನ ಸೇರುತ್ತಿದ್ದರು. ಎಂಭತ್ತರ ದಶಕದಲ್ಲಿ ಕ್ಯಾಸೆಟ್ಟು ಬಂತು. ಆಟ ನಡೆದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಅಂಥ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿರಬಹುದು. ಅವುಗಳಲ್ಲಿರುವುದು ಹಿಂದಿನ ಭಾಗವತರ ಕಂಠ. ಟೇಪು ಅಂಟಿಕೊಳ್ಳುವ ಮೊದಲು ಅವನ್ನು ಕಂಪ್ಯೂಟರಿಗೆ ಹಾಕಿಸಿಡಬೇಕು. ಯಾವ ಊರು, ಯಾವ ವರ್ಷ, ಯಾರ ಭಾಗವತಿಕೆ, ಮದ್ದಳೆ ಯಾರದು ಎಂದು ಒಂದು ಚೀಟಿ ಬರೆದಿಡಬೇಕು. ಅಟ್ಟದ ಮೇಲಿನ ಪ್ರಸಂಗದ ಹಸ್ತಪ್ರತಿಯನ್ನು ಗೆದ್ದಲಿಗೆ ಬಿಡದೆ ಫೋಟೋ ತೆಗೆದಿಡಬೇಕು.

ಹಿರಿಯ ಭಾಗವತರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ಪ್ರಸಂಗದ ಪ್ರತಿಯೊಂದು ಪದವನ್ನು ಹಳೆಯ ಮಟ್ಟಿನಲ್ಲಿ, ಆಟದ ಗದ್ದಲವಿಲ್ಲದೆ, ಮದ್ದಳೆಯೊಂದೇ ಜತೆಗಿಟ್ಟು ಅವರಿಂದ ಹಾಡಿಸಿ ಧ್ವನಿಮುದ್ರಿಸುವುದು ಒಂದು ಊರಿನ ಯುವಕ ಸಂಘಕ್ಕೆ ಮೀರಿದ ಕೆಲಸವಲ್ಲ. ಇಂದು ಕಿಸೆಯ ಮೊಬೈಲೇ ಅದಕ್ಕೆ ಸಾಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳು. ವೇಷ ಕಟ್ಟಲು ಮಕ್ಕಳು ಬೇಗ ಒಪ್ಪುತ್ತಾರೆ. ಕಿರೀಟ, ಬಣ್ಣ, ಫೋಟೋ ಇದೆ. ಹಿಮ್ಮೇಳಕ್ಕೆ ಕೂರಿಸಲು ತಾಳ್ಮೆ ಬೇಕು. ನೂರು ಮಕ್ಕಳು ಹೆಜ್ಜೆ ಕಲಿಯುವಲ್ಲಿ ಹತ್ತು ಮಂದಿಯಾದರೂ ಪದ ಕಲಿಯುವಂತಾಗಲಿ. ಅವರಿಗೆ ಕನ್ನಡ ಓದಲು ಬರಲಿ, ಓದಿದ್ದು ಅರ್ಥವಾಗಲಿ.

ಬಾಖ್‌ನ ಹಾಡನ್ನು ಜಗತ್ತಿಗೆ ಹಿಂದಿರುಗಿಸಿದ ಕಥೆಯಲ್ಲಿ ಮೊದಲ ಹೆಜ್ಜೆ ಒಬ್ಬ ಅಜ್ಜಿಯದು. ಮೊಮ್ಮಗನಿಗೆ ಆಟಿಕೆಯ ಬದಲು ಒಂದು ಹಳೆಯ ಹಾಡಿನ ಪುಸ್ತಕವನ್ನು ಅವಳು ಕೊಟ್ಟಳು. ನಮ್ಮ ಅಜ್ಜ ಅಜ್ಜಿಯಂದಿರ ಬಳಿಯೂ ಕೊಡುವುದಕ್ಕಿದೆ. ಅದು ಕಾಗದದಲ್ಲಿಲ್ಲದಿರುವುದರಿಂದ ಅವರಿರುವಾಗಲೇ ಕೇಳಿ ಪಡೆಯಬೇಕು. ಈ ಸಲದ ಪತ್ತನಾಜೆಗೆ ಮುಂಚೆ ಮಕ್ಕಳನ್ನು ಒಂದು ಆಟಕ್ಕೆ ಕರೆದುಕೊಂಡು ಹೋಗಿ, ರಂಗಸ್ಥಳದ ಎದುರಲ್ಲ, ಹಿಮ್ಮೇಳದ ಪಕ್ಕದಲ್ಲಿ ಕೂರಿಸಿರೆಂದು ಓದುಗರಲ್ಲಿ ನಮ್ಮ ವಿನಂತಿ.